ಮೌನವನ್ನು ಸಮ್ಮತಿ ಎನ್ನಬಹುದೇ?

ಪ್ರಶ್ನೆ: ಅಂಗಾಂಗ ದಾನಕ್ಕೆ ಹೆಸರು ನೋಂದಾಯಿಸಿದ್ದರೂ ಆಸ್ಪತ್ರೆಯವರು ಮನೆಯವರನ್ನು ಕೇಳುತ್ತಾರೆ. ‘ಬೇಡ’ ಎಂದು ಬರೆದಿಡದವರೆಲ್ಲ ದಾನಿಗಳು ಎಂದು ಸ್ಪೇನ್‌ನಂತೆ ಕಾನೂನು ಮಾಡಿದರೆ ತಪ್ಪೇನು?

ಉತ್ತರ: ಸ್ಪೇನ್‌ನ ಕಾನೂನು 1979ರದು. ಆದರೆ ಅಲ್ಲಿಯೂ ವೈದ್ಯರು ಕುಟುಂಬದವರನ್ನು ಕೇಳದೆ ಅಂಗ ತೆಗೆಯುವುದಿಲ್ಲ. ಅಲ್ಲಿನ ಯಶಸ್ಸಿಗೆ ಕಾನೂನಿಗಿಂತ, ಐಸಿಯುಗಳಲ್ಲಿರುವ ತರಬೇತಾದ ಅಂಗದಾನ ಸಂಯೋಜಕರೇ ಹೆಚ್ಚಾಗಿ ಕಾರಣ. ನಮ್ಮಲ್ಲಿ ಇದನ್ನು ಮರೆತು ಬರೀ ಕಾನೂನಿನ ಮಾತಾಡುತ್ತೇವೆ.

ನೈತಿಕ ತೊಡಕು ಬೇರೆ. ಸಮ್ಮತಿಯೆಂದರೆ ತಿಳಿದು ಒಪ್ಪುವುದು. ಅಂಥ ಕಾನೂನಿದೆ ಎಂಬುದೇ ಗೊತ್ತಿಲ್ಲದ ಕೂಲಿಕಾರನ ಮೌನ ಸಮ್ಮತಿಯಲ್ಲ, ಬರೀ ಮೌನ. ‘ಬೇಡ’ ಎನ್ನಲು ಸುಲಭ ದಾರಿ ಎಲ್ಲರಿಗೂ ಸಿಕ್ಕರೆ ಮಾತ್ರ ಮೌನವೇ ಸಮ್ಮತಿ ಎಂಬ ವಾದ ನಿಲ್ಲುತ್ತದೆ. ಅತ್ತ ಮೂತ್ರಪಿಂಡಕ್ಕಾಗಿ ಕಾಯುವವನ ಜೀವವೂ ತಕ್ಕಡಿಯಲ್ಲಿದೆ, ನಿಜ. ಆದರೂ ಅನುಮಾನ ಹುಟ್ಟಿದರೆ ಈಗ ಒಪ್ಪುವವರೂ ಹಿಂದೆ ಸರಿದಾರು.

ನಮ್ಮ 1994ರ ಅಂಗಾಂಗ ಕಸಿ ಕಾಯ್ದೆಯಲ್ಲಿ, ದಾನಕ್ಕೆ ಮೊದಲು ಮಿದುಳು ಸಾವನ್ನು, ಅಂದರೆ ಮಿದುಳು ಮತ್ತೆ ಚೇತರಿಸದಂತೆ ನಿಂತುಹೋದದ್ದನ್ನು, ನಾಲ್ವರು ವೈದ್ಯರ ಮಂಡಳಿ ಕನಿಷ್ಠ 6 ಗಂಟೆ ಅಂತರದಲ್ಲಿ ಎರಡು ಸಲ ಪರೀಕ್ಷಿಸಿ ದೃಢಪಡಿಸಬೇಕು. ವೆಂಟಿಲೇಟರ್‌ನಿಂದಾಗಿ ಎದೆ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ, ‘ಉಸಿರಾಡ್ತಿದ್ದಾನಲ್ಲ!’ ಎನ್ನುತ್ತಾಳೆ ತಾಯಿ. ದಾನ ತಪ್ಪುವುದು ಬಹಳ ಸಲ ಇಲ್ಲೇ. ಸಾವಿನ ಸುದ್ದಿ, ದಾನದ ಕೋರಿಕೆ ಎರಡನ್ನೂ ಒಂದೇ ಉಸಿರಿಗೆ ಹೇಳಿದರೆ ಮುಗಿಯಿತು.

ನೀವು ಮಾಡಬಹುದಾದ್ದು: ಕಾಯ್ದೆಯ ನಮೂನೆ 7ರಲ್ಲಿ ಅಂಗದಾನದ ಪ್ರತಿಜ್ಞೆ ಸಲ್ಲಿಸುವಾಗ ಹತ್ತಿರದ ಬಂಧುವೊಬ್ಬರನ್ನೇ ಸಾಕ್ಷಿಯಾಗಿಸಿ. ಕಾರ್ಡನ್ನು ಬೀರುವಿನಲ್ಲಿಡಬೇಡಿ, ಊಟಕ್ಕೆ ಕೂತಾಗ ವಿಷಯ ತೆಗೆಯಿರಿ.