ಗುಡಿಯಾಗ ಮಾಫಿ ಬೇಡಿದರ ಪಾಪ ಹೋಗತೈತೇನ್ರಿ? — ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯ ಟ್ರ್ಯಾಕ್ಟರ್ ಚಾಲಕ, ವಯಸ್ಸು ಮೂವತ್ತರ ಆಸುಪಾಸು. ಹಂಗಾಮಿನಲ್ಲಿ ಒಂದು ರಾತ್ರಿ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಕಾರ್ಖಾನೆಗೆ ಹೊರಟಿದ್ದ. ಟೈರ್ ಪಂಕ್ಚರ್ ಆಯಿತೆಂದು ಗಾಡಿಯನ್ನು ರಸ್ತೆಯ ಮೇಲೆಯೇ ನಿಲ್ಲಿಸಿದ. ಹಿಂದಿನ ಟ್ರೇಲರಿಗೆ ರಿಫ್ಲೆಕ್ಟರ್ ಇರಲಿಲ್ಲ. ಬೈಕಿನಲ್ಲಿ ಬಂದ ಒಬ್ಬರು ಹಿಂದಿನಿಂದ ಗುದ್ದಿ ತೀರಿಕೊಂಡರು. ಚಾಲಕನಿಗೆ ಜಾಮೀನು ಸಿಕ್ಕಿದೆ, ಪ್ರಕರಣ ನಡೆಯುತ್ತಿದೆ.

ಆತ ಬಂದದ್ದು ನಿದ್ದೆ ಇಲ್ಲವೆಂದು. ಮಾತಿಗೆ ಕೂತ ಮೇಲೆ ಹೊರಬಿದ್ದದ್ದು ಬೇರೆ: "ನಾ ಮಾಡಿದ ಪಾಪ ನನ್ನ ಕೂಸಿಗೆ ಹತ್ತೇತ್ರಿ. ಆ ತಾಯಿ ಮಾಫ್ ಮಾಡಿದ್ರಷ್ಟ ಬಿಡತೈತಿ." ತಾಯಿ ಅಂದದ್ದು ಸತ್ತವರ ಹೆಂಡತಿಗೆ. ಮನೆಯವರು ಹೊಳೆ ಸ್ನಾನ, ಶಾಂತಿ ಹೋಮ, ತುಳಸಿಗೇರಿ ಹನಮಪ್ಪನಿಗೆ ದೀಡ ನಮಸ್ಕಾರ ಎಲ್ಲ ಮಾಡಿಸಿದ್ದರು. ಈಗ ಊರ ಹಿರಿಯರು ಒಂದು ದಾರಿ ಹುಡುಕಿದ್ದರು. ಸತ್ತವರ ಹೆಂಡತಿಯನ್ನು ಗುಡಿಗೆ ಕರೆಸಿ, ಕೈಗೆ ಒಂದಿಷ್ಟು ರೊಕ್ಕ ಕೊಟ್ಟು, ದೇವರ ಮುಂದೆ "ಮಾಫ್ ಮಾಡೀನಿ" ಅನ್ನಿಸಿ ರಾಜಿ ಪತ್ರಕ್ಕೆ ಸಹಿ ಹಾಕಿಸುವುದು. ಆಕೆ ಒಲ್ಲೆ ಅಂದಿದ್ದಳು.

ಪಾಪ-ಪುಣ್ಯದ ಮಾತಿಗೆ ಮುಂಚೆ ಜೀವದ ಮಾತು ಮುಗಿಸಬೇಕು. ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಲಾಯಿತು, ಬರುತ್ತದೆ ಎಂದ. ಕೇಳಿದರೆ ಆ ವಿಚಾರ ಹೊಸದಾಗಿ ತಲೆಗೆ ಹೊಕ್ಕೀತು ಎಂಬ ಅಂಜಿಕೆ ಸುಳ್ಳು. ಮನೆಯ ಮಾಡದಲ್ಲಿದ್ದ ಬೆಳೆಗೆ ಹೊಡೆಯುವ ಎಣ್ಣಿ ಡಬ್ಬಿಗಳನ್ನು ಅಂದೇ ಭಾವನ ತೋಟದ ಮನೆಗೆ ಸಾಗಿಸಿ ಕೀಲಿ ಹಾಕಿಸಲು ಹೆಂಡತಿಗೆ ಹೇಳಲಾಯಿತು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ನಂಬರ್ 14416 ಇಬ್ಬರ ಫೋನಿನಲ್ಲೂ ಹಾಕಿಕೊಟ್ಟು, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಕೊಡಲಾಯಿತು.

ಹಿರಿಯರ ಉಪಾಯದ ಮೊದಲ ತೊಡಕು ಕಾನೂನಿನದು. ಅಲಕ್ಷ್ಯದಿಂದ ಸಾವು ಭಾರತೀಯ ನ್ಯಾಯ ಸಂಹಿತೆಯ 106(1)ನೇ ಕಲಮಿಗೆ ಬರುತ್ತದೆ. 5 ವರ್ಷದವರೆಗೆ ಸಜೆ, ಮೇಲೆ ದಂಡ. ರಾಜಿಯಲ್ಲಿ ಮುಗಿಸಬಹುದಾದ ಅಪರಾಧಗಳ ಪಟ್ಟಿಯಲ್ಲಿ ಇದಿಲ್ಲ. ಹಾಗಾಗಿ ಗುಡಿಯ ಸಹಿಯಿಂದ ಇವನ ಕೇಸು ಮುಗಿಯುವುದಿಲ್ಲ, ಆಕೆಯ ಪರಿಹಾರದ ಅರ್ಜಿಗೆ ಮಾತ್ರ ಅಡ್ಡಿಯಾದೀತು. ಸಾಕ್ಷಿಗಳ ಮೇಲೆ ಒತ್ತಡ ತಂದ ಎಂಬ ಮಾತೂ ಬಂದೀತು.

ಎರಡನೆಯದು ಧರ್ಮದ್ದು, ಇವನಿಗೆ ಬೇಕಾಗಿದ್ದೂ ಅದೇ. ಹಳೆಯ ಧರ್ಮಶಾಸ್ತ್ರ ಗ್ರಂಥವಾದ ಯಾಜ್ಞವಲ್ಕ್ಯ ಸ್ಮೃತಿಗೆ ಮೂರು ಅಧ್ಯಾಯ: ಆಚಾರ, ವ್ಯವಹಾರ, ಪ್ರಾಯಶ್ಚಿತ್ತ. ನಮ್ಮ ಕಲ್ಯಾಣದಲ್ಲಿ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ ವಿಜ್ಞಾನೇಶ್ವರ ಮಿತಾಕ್ಷರ ಎಂಬ ವ್ಯಾಖ್ಯಾನ ಬರೆದದ್ದು ಇದಕ್ಕೇ. ನ್ಯಾಯಸ್ಥಾನದ ವಿಚಾರ ಒಂದು ಅಧ್ಯಾಯ, ಮಾಡಿದವನು ತನ್ನನ್ನು ತೊಳೆದುಕೊಳ್ಳುವುದು ಇನ್ನೊಂದು. ಒಂದು ಬ್ಯಾಂಕಿನ ಸಾಲಕ್ಕೆ ಇನ್ನೊಂದು ಬ್ಯಾಂಕಿನಲ್ಲಿ ಕಂತು ಕಟ್ಟಿದರೆ ಸಾಲ ತೀರದು. ನೊಂದವರ ಕ್ಷಮೆಯಂತೂ ಈ ಎರಡರಲ್ಲೂ ಇಲ್ಲ. ಅದು ಅವರದೇ ಸೊತ್ತು, ಕೊಟ್ಟರೆ ಕೊಟ್ಟರು. ಸದಾ ಕ್ಷಮೆಯೂ ಒಳಿತಲ್ಲ, ಸದಾ ಕೋಪವೂ ಒಳಿತಲ್ಲ ಎಂದು ಮಹಾಭಾರತದ ವನಪರ್ವದಲ್ಲಿ ಪ್ರಹ್ಲಾದ ಮೊಮ್ಮಗ ಬಲಿಗೆ ಹೇಳುತ್ತಾನೆ. ಒಲ್ಲೆ ಅಂದ ಹೆಣ್ಣುಮಗಳು ಧರ್ಮ ತಪ್ಪಿಲ್ಲ.

ಮಹಾಭಾರತದಲ್ಲೇ ಬರುವ ಅಣ್ಣತಮ್ಮ ಋಷಿಗಳಾದ ಶಂಖ-ಲಿಖಿತರ ಕಥೆಯನ್ನೂ ಹೇಳಲಾಯಿತು. ಅಣ್ಣನ ಆಶ್ರಮದ ಹಣ್ಣನ್ನು ಕೇಳದೆ ತಿಂದ ಲಿಖಿತ, ರಾಜ ಸುದ್ಯುಮ್ನ ಮನ್ನಿಸಲು ಸಿದ್ಧನಿದ್ದರೂ ಶಿಕ್ಷೆಯನ್ನೇ ಬೇಡಿ ಕೈ ಕಳೆದುಕೊಂಡ. ಆಮೇಲೆ ಬಾಹುದಾ ನದಿಯಲ್ಲಿ ಮಿಂದಾಗ ಕೈ ಮರಳಿ ಬಂದವು. ಮೊದಲೇ ಯಾಕೆ ಶುದ್ಧ ಮಾಡಲಿಲ್ಲ ಎಂದು ಲಿಖಿತ ಕೇಳಿದರೆ, ದಂಡಿಸುವ ಅಧಿಕಾರ ನನ್ನದಲ್ಲ ಎಂದ ಅಣ್ಣ. ಈ ಕಥೆ ಅಪಾಯಕಾರಿಯೂ ಹೌದು. ತನ್ನನ್ನು ತಾನೇ ಶಿಕ್ಷಿಸಿಕೊಳ್ಳಲು ಕಾದವನು ಕೈ ಕಡಿದದ್ದನ್ನಷ್ಟೇ ಕೇಳಿಸಿಕೊಳ್ಳುತ್ತಾನೆ. ಆದ್ದರಿಂದ ಜೊತೆಗೇ ಹೇಳಬೇಕಾದ್ದು: ಲಿಖಿತ ತಿಳಿದು ಮಾಡಿದ, ನೀನು ಅಲಕ್ಷ್ಯ ಮಾಡಿದೆ. ಸ್ಮೃತಿಗಳು ಈ ಎರಡಕ್ಕೂ ಬೇರೆ ಬೇರೆ ಲೆಕ್ಕ ಇಡುತ್ತವೆ. ರಾಜದಂಡ ಅನುಭವಿಸಿದವನು ಪುಣ್ಯವಂತರಂತೆ ನಿರ್ಮಲನಾಗುತ್ತಾನೆ ಎಂದು ಮನುಸ್ಮೃತಿಯ ಎಂಟನೇ ಅಧ್ಯಾಯದಲ್ಲಿದೆ. ಸಜೆಯಾದರೂ ಪಾಪ ಉಳಿದೇ ಉಳಿಯುತ್ತದೆಂಬ ಅವನ ಭಯಕ್ಕೆ ಇದು ನೇರ ಉತ್ತರ.

ಹೊಣೆಯ ಅಳತೆಗೆ ಕಾಗದದ ಮೇಲೆ ಒಂದು ವೃತ್ತ. ಸಾವಿಗೆ ಕಾರಣವಾದದ್ದನ್ನೆಲ್ಲ ಮೊದಲು ಪಟ್ಟಿ ಮಾಡಿ, ಒಂದೊಂದಕ್ಕೂ ಪಾಲು ಕೊಡಬೇಕು: ರಿಫ್ಲೆಕ್ಟರ್ ಹಚ್ಚದ ಮಾಲೀಕ, ಅಂಚಿಗೆ ಇಳಿಸಲು ಜಾಗವಿಲ್ಲದ ರಸ್ತೆ, ದೀಪವಿಲ್ಲದ ತಿರುವು. ಚಾಲಕನ ಪಾಲನ್ನು ಕೊನೆಗೆ ಬರೆಸಬೇಕು. ಮೊದಲೇ ಬರೆಸಿದರೆ ವೃತ್ತವನ್ನೆಲ್ಲ ಅವನೇ ತುಂಬಿಬಿಡುತ್ತಾನೆ. ನೂರಕ್ಕೆ ನೂರು ನನ್ನದೇ ಎಂದು ಬಂದವನು ನಲವತ್ತಕ್ಕೆ ನಿಂತ. ಅದನ್ನು ಸೊನ್ನೆಗಿಳಿಸುವ ಪ್ರಯತ್ನ ಮಾಡಬಾರದು. ಹಿಂದೆ ನಾಲ್ಕು ಕಲ್ಲು, ಒಂದು ಹೊರೆ ರವದಿ (ಕಬ್ಬಿನ ಒಣಗರಿ) ಇಟ್ಟು ಬ್ಯಾಟರಿ ಹಿಡಿದು ನಿಲ್ಲುವುದು ಅವನ ಕೈಯಲ್ಲೇ ಇತ್ತು, ಅದು ಅವನಿಗೂ ಗೊತ್ತು.

ಕೂಸಿನ ಮಾತಿನಲ್ಲಿ ಶಾಸ್ತ್ರವನ್ನು ಮುಚ್ಚಿಡುವುದು ಬೇಡ. ಪಾಪದ ಫಲ ಮಕ್ಕಳಿಗೆ, ಮೊಮ್ಮಕ್ಕಳಿಗೆ ತಟ್ಟುತ್ತದೆ ಎಂದು ಮನುಸ್ಮೃತಿಯ ನಾಲ್ಕನೇ ಅಧ್ಯಾಯದಲ್ಲಿದೆ. ಅದೇ ಅಧ್ಯಾಯ ಮುಂದೆ, ಜೀವಿ ಒಬ್ಬನೇ ಹುಟ್ಟಿ ಒಬ್ಬನೇ ಸಾಯುತ್ತಾನೆ, ಪುಣ್ಯ ಪಾಪ ಎರಡನ್ನೂ ಒಬ್ಬನೇ ಉಣ್ಣುತ್ತಾನೆ ಎನ್ನುತ್ತದೆ. ವಾದಕ್ಕಿಂತ ಕೆಲಸಕ್ಕೆ ಬಂದದ್ದು ಮಗುವಿನ ದವಾಖಾನೆ ಚೀಟಿ: ಪಾಪ ಹತ್ತಿದ ಗುರುತೆಂದು ಅವನು ನಂಬಿದ್ದ ಕೆಮ್ಮಿಗೆ ಮೊದಲ ಔಷಧ ಬರೆದ ತಾರೀಖು ಅಪಘಾತಕ್ಕಿಂತ ಹಿಂದಿನದು. ಅದನ್ನು ಅವನಿಂದಲೇ ಓದಿಸಲಾಯಿತು.

ಪ್ರಾಯಶ್ಚಿತ್ತ ಬೇಕೇ ಬೇಕು ಎಂದ. ಶಾಸ್ತ್ರ ಹೇಳುವ ಪ್ರಾಜಾಪತ್ಯ ಕೃಚ್ಛ್ರ ಎಂಬ ಪ್ರಾಯಶ್ಚಿತ್ತ ವ್ರತ 12 ದಿನದ್ದು: 3 ದಿನ ಬೆಳಗ್ಗೆ ಮಾತ್ರ ಊಟ, 3 ದಿನ ಸಂಜೆ ಮಾತ್ರ, 3 ದಿನ ಬೇಡದೆ ಬಂದದ್ದು, 3 ದಿನ ಉಪವಾಸ. ನಿದ್ದೆಗೆಟ್ಟು, ಮಾತ್ರೆ ನುಂಗುವವನಿಗೆ ಇದು ಸಲ್ಲದು. ಆಗದವರಿಗೆ ಬದಲಿಯಾಗಿ ಗೋದಾನವನ್ನು ಶಾಸ್ತ್ರಕಾರರೇ ಒಪ್ಪಿದ್ದಾರೆ. ದಾನದ ಆ ಹಣದಲ್ಲಿ ಊರಿನ ಟ್ರೇಲರುಗಳಿಗೆ ರಿಫ್ಲೆಕ್ಟರ್ ಪಟ್ಟಿ ಹಚ್ಚುವ ವ್ರತ ಹಿಡಿಯಲು ಹೇಳಲಾಯಿತು. ಮತ್ತೆ ಹೀಗೆ ಮಾಡೆನೆಂದು ನಿಲ್ಲುವುದನ್ನು ಮನುವೂ ಶುದ್ಧಿಯ ದಾರಿಯಲ್ಲೇ ಎಣಿಸುತ್ತಾನೆ. ಎಷ್ಟು ಟ್ರೇಲರ್ ಎಂದು ಮೊದಲೇ ಗೊತ್ತು ಮಾಡಿ ಅಲ್ಲಿಗೆ ನಿಲ್ಲಿಸಬೇಕು. ಕೊನೆಯಿಲ್ಲದ ವ್ರತ ಮತ್ತೆ ಸ್ವಯಂಶಿಕ್ಷೆಯೇ.

ಆ ಮನೆಗೆ ಮಾಡಬೇಕಾದದ್ದು ಕಾಗದದ ಕೆಲಸ. ಪರಿಹಾರದ ಅರ್ಜಿಗೆ ಮೋಟಾರು ವಾಹನ ಕಾಯ್ದೆಯಲ್ಲಿ 6 ತಿಂಗಳ ಗಡುವಿದೆ. ಟ್ರ್ಯಾಕ್ಟರ್ ಮತ್ತು ಎರಡೂ ಟ್ರೇಲರುಗಳ ಆರ್‌ಸಿ, ವಿಮಾ ಪಾಲಿಸಿ, ತನ್ನ ಲೈಸೆನ್ಸ್ ಪ್ರತಿಗಳನ್ನು ಮಾಲೀಕನ ಬೆನ್ನುಹತ್ತಿ ಪಡೆದು, ತನ್ನ ವಕೀಲರ ಮೂಲಕ ಅವರ ವಕೀಲರಿಗೆ ಮುಟ್ಟಿಸುವುದು. ತಪ್ಪೊಪ್ಪಿಗೆಯ ಪತ್ರ ಬರೆದ, ಕಳಿಸಿಲ್ಲ. ವಕೀಲರು ಹೇಳುವವರೆಗೆ ಪತ್ರವಾಗಲಿ, ವಾಟ್ಸಾಪಿನಲ್ಲಿ ದನಿಯಾಗಲಿ ಹೋಗಕೂಡದು, ಕೋರ್ಟಿನಲ್ಲಿ ಅದು ಸಾಕ್ಷಿಯಾಗುತ್ತದೆ. ಆಕೆ ತಾನಾಗಿ ಎದುರಾದರೆ ಆಕೆ ಹೇಳುವುದನ್ನು ನಿಂತು ಕೇಳಬೇಕು, ಬೈದರೂ ಸರಿ. ಮಾಫಿ ಮಾತ್ರ ಬೇಡಬಾರದು.

ಹಿರಿಯರಿಗೆ ಅವನ ಅಣ್ಣನೇ ಹೋಗಿ ಬೇಡವೆಂದು ಹೇಳಿ ಬಂದಿದ್ದಾನೆ. ನಿದ್ದೆ ಈಗ ನಾಲ್ಕು ತಾಸಿಗೆ ಬಂದಿದೆ. ಟ್ರ್ಯಾಕ್ಟರ್ ಹತ್ತಿಲ್ಲ, ಹತ್ತಲು ಯಾರೂ ಅವಸರ ಮಾಡಬಾರದೆಂದು ಮನೆಯವರಿಗೆ ತಿಳಿಸಲಾಗಿದೆ.