ಸ್ಟಾರ್ ಆಟಗಾರ ಇಷ್ಟೆಲ್ಲ ಮಾಡಿದರೂ ತಂಡ ಯಾಕೆ ಸುಮ್ಮನಿರುತ್ತೆ?

ಬೇಸ್‌ಬಾಲ್‌ನಲ್ಲಿ ಕೋಟಿಗಟ್ಟಲೆ ಸಂಬಳ ಎಣಿಸಿಕೊಂಡು, ಚೆಂಡು ಹೊಡೆದ ಮೇಲೆ ಮುಟ್ಟಬೇಕಾದ ಫಸ್ಟ್ ಬೇಸ್‌ವರೆಗೂ ನೆಟ್ಟಗೆ ಓಡದವನನ್ನು ತಂಡ ಯಾಕೆ ಹೊರಗೆ ಹಾಕಲ್ಲ, ಇನ್ನು ಮ್ಯಾಚ್ ನೋಡೋದೇ ಬಿಡಬೇಕಾ ಅಂತ ಕೇಳಿದ್ದೀರಿ. ನಾನು ಅಮೆರಿಕದ ಸ್ಯಾನ್ ಡಿಯಾಗೊ ಪ್ಯಾಡ್ರೆಸ್ ತಂಡದ ಅಭಿಮಾನಿ. ಈ ಸಿಟ್ಟು ನನಗೆ ಹೊಸದಲ್ಲ. 2022ರಲ್ಲಿ ನಮ್ಮ ಸ್ಟಾರ್ ಫರ್ನಾಂಡೊ ಟಾಟಿಸ್ ಜೂನಿಯರ್ ನಮಗೂ ಇಂಥದ್ದೇ ಸಿಟ್ಟು ತರಿಸಿದ್ದ.

ಹಿಂದಿನ ವರ್ಷ 42 ಹೋಮ್ ರನ್ (ಚೆಂಡನ್ನು ಗೋಡೆಯಾಚೆ ಕಳಿಸುವ ಹೊಡೆತ) ಹೊಡೆದು, ದೇಶದ ಎರಡು ದೊಡ್ಡ ಲೀಗ್‌ಗಳಲ್ಲಿ ಒಂದಾದ ನ್ಯಾಷನಲ್ ಲೀಗ್‌ಗೇ ಮೊದಲಿಗನಾದವನು. 14 ವರ್ಷಕ್ಕೆ 34 ಕೋಟಿ ಡಾಲರ್ ಒಪ್ಪಂದ. ಆಗಸ್ಟ್ 12ಕ್ಕೆ ಸುದ್ದಿ ಬಂತು: ಪರೀಕ್ಷೆಯಲ್ಲಿ ಕ್ಲೋಸ್ಟೆಬಾಲ್ ಅನ್ನೋ ಸ್ಟಿರಾಯ್ಡ್ ಸಿಕ್ಕಿದೆ, 80 ಪಂದ್ಯ ಅಮಾನತು. ಗಜಕರ್ಣಕ್ಕೆ ತಗೊಂಡ ಔಷಧಿಯಲ್ಲಿತ್ತು ಅಂದ. ಇದ್ದಿರಬಹುದು. ಆದರೆ ಮೈಯಲ್ಲಿ ಏನು ಸಿಕ್ಕರೂ ಆಟಗಾರನೇ ಹೊಣೆ ಅನ್ನುತ್ತೆ ನಿಯಮ.

ಊರೆಲ್ಲ ಸ್ಟಿರಾಯ್ಡ್ ಹಿಡಿದುಕೊಂಡು ಬೈಯಿತು. ಆ ಸೀಸನ್ ಕೆಟ್ಟಿದ್ದು ಅದಕ್ಕೂ ಮೊದಲೇ, ಎಡಗೈ ಮಣಿಕಟ್ಟಿನಲ್ಲಿ. 2021ರ ಡಿಸೆಂಬರ್ 2ರಿಂದ ಮಾರ್ಚ್ 10ರವರೆಗೆ ಲಾಕೌಟ್, ಅಂದರೆ ಮಾಲೀಕರು ಆಟಗಾರರನ್ನು ಹೊರಗಿಟ್ಟು ಕೆಲಸ ನಿಲ್ಲಿಸಿದ್ದರು. ಅಷ್ಟು ದಿನ ತಂಡದ ಡಾಕ್ಟರು ಆಟಗಾರರ ಜೊತೆ ಮಾತಾಡುವ ಹಾಗಿರಲಿಲ್ಲ. ಆ ಬಿಡುವಿನಲ್ಲಿ ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಟಾಟಿಸ್ ಬೈಕಿಂದ ಬಿದ್ದಿದ್ದ. ಸ್ಕ್ಯಾಫಾಯ್ಡ್ ಮೂಳೆ ಮುರಿದಿದೆ ಅಂತ ತಂಡಕ್ಕೆ ಗೊತ್ತಾಗಿದ್ದು ಮಾರ್ಚ್‌ನಲ್ಲಿ. ಹೆಬ್ಬೆರಳ ಬುಡದ ಕೆಳಗಿರುವ ಈ ಸಣ್ಣ ಮೂಳೆಗೆ ರಕ್ತ ಬರೋದು ಹೆಚ್ಚಾಗಿ ಒಂದೇ ತುದಿಯಿಂದ, ಹಾಗಾಗಿ ಕೂಡಿಕೊಳ್ಳೋದು ತೀರಾ ನಿಧಾನ. ಊತ ಇಳಿದ ಮೇಲೆ ಬರೀ ಉಳುಕು ಅನ್ನಿಸುತ್ತೆ. ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಬಿರುಕು ಕಾಣಲ್ಲ. ಹತ್ತು ಹದಿನೈದು ದಿನ ಬಿಟ್ಟು ಇನ್ನೊಮ್ಮೆ ತೆಗೆಸಬೇಕು, ಇಲ್ಲವೇ ಎಂಆರ್‌ಐ. ಬ್ಯಾಟ್ ಹಿಡಿದು ಬೀಸಿದಾಗ ನೋವು ಮತ್ತೆ ಎದ್ದು ಕೂರುತ್ತೆ. ತಂಡದ ಡಾಕ್ಟರು ಸಿಗದಿದ್ದರೇನು, ಸ್ವಂತ ಡಾಕ್ಟರಿಗೆ ತೋರಿಸಬಾರದು ಅಂತ ಯಾರೂ ಹೇಳಿರಲಿಲ್ಲ. ಡಿಸೆಂಬರ್‌ನಲ್ಲೇ ಸರಿಯಾಗಿ ತೋರಿಸಿ ಆಪರೇಷನ್ ಮಾಡಿಸಿದ್ದರೆ ಏಪ್ರಿಲ್ ಹೊತ್ತಿಗೆ ಚೇತರಿಕೆಯ ಮೂರು ತಿಂಗಳು ಮುಗಿದಿರುತ್ತಿತ್ತು. ಆಪರೇಷನ್ ಆದದ್ದು ಮಾರ್ಚ್ ಮಧ್ಯದಲ್ಲಿ. ಆಗಸ್ಟ್‌ನಲ್ಲೂ ಅವನು ಸ್ಯಾನ್ ಆಂಟೋನಿಯೋದ ಮೈನರ್ ಲೀಗ್ (ಕೆಳಹಂತದ ಲೀಗ್) ತಂಡದಲ್ಲಿ ಕೈ ಪಳಗಿಸುತ್ತಿದ್ದ, ಅಷ್ಟರಲ್ಲಿ ಅಮಾನತು. ಆ ವರ್ಷ ನಮಗೆ ಒಂದೇ ಒಂದು ಪಂದ್ಯ ಆಡಲಿಲ್ಲ ಪುಣ್ಯಾತ್ಮ.

ಹೊರಗೆ ಹಾಕುವ ವಿಷಯಕ್ಕೆ ಬಂದರೆ, ನಿಮ್ಮ ಪ್ರಶ್ನೆಯೇ ಸರಿಯಿಲ್ಲ. ನಿಷೇಧಿತ ಔಷಧಿ ಪ್ರಕರಣದಲ್ಲಿ ಶಿಕ್ಷೆ ಕೊಡುವ ಅಧಿಕಾರ ಇಡೀ ಲೀಗ್ ನಡೆಸುವ ಕಮಿಷನರ್ ಕಚೇರಿಯದು. ಅದರ ಮೇಲೆ ತಂಡ ದಂಡ ಹಾಕುವಂತಿಲ್ಲ, ಒಪ್ಪಂದವನ್ನೂ ಮುರಿಯುವಂತಿಲ್ಲ. ಅಮಾನತಾದ ದಿನಗಳ ಸಂಬಳ ಹೋಗುತ್ತೆ, ಅಷ್ಟೇ. ಅದೂ ಟಾಟಿಸ್‌ಗೆ ಅಗ್ಗದ ವರ್ಷಗಳಲ್ಲೇ ಬಂತು: 2022ರ ಸಂಬಳ 50 ಲಕ್ಷ ಡಾಲರ್, 2023ರದ್ದು 70 ಲಕ್ಷ. 2029ರಿಂದ ವರ್ಷಕ್ಕೆ 3.6 ಕೋಟಿ! 80 ಪಂದ್ಯದ ಲೆಕ್ಕ ಹೀಗೆ: ಆ ಸೀಸನ್‌ನಲ್ಲಿ ಉಳಿದಿದ್ದ 48, ಪೋಸ್ಟ್‌ಸೀಸನ್‌ನ (ಸೀಸನ್ ಮುಗಿದ ಮೇಲಿನ ನಾಕೌಟ್ ಸರಣಿಗಳು) 12, ಮುಂದಿನ ವರ್ಷದ ಮೊದಲ 20. ವಾಪಸ್ ಬಂದಿದ್ದು 2023ರ ಏಪ್ರಿಲ್ 20ಕ್ಕೆ. ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ ಜಾಗ ಬಿಟ್ಟು ಹಿಂದಿನ ರೈಟ್ ಫೀಲ್ಡ್‌ಗೆ ಹೋಗಿ ಅದೇ ವರ್ಷ ಫೀಲ್ಡಿಂಗ್ ಪ್ರಶಸ್ತಿಗಳಾದ ಗೋಲ್ಡ್ ಗ್ಲೋವ್, ಪ್ಲಾಟಿನಂ ಗ್ಲೋವ್ ಎರಡನ್ನೂ ಗೆದ್ದ.

ಓಡದವನ ಮದ್ದು ಬೇರೆ. ಅದು ಮ್ಯಾನೇಜರ್, ಅಂದರೆ ಪಂದ್ಯದಲ್ಲಿ ತಂಡ ನಡೆಸುವ ಕೋಚ್ ಕೈಯಲ್ಲಿದೆ. 2019ರ ಆಗಸ್ಟ್‌ನಲ್ಲಿ ಅಟ್ಲಾಂಟಾದ ರೊನಾಲ್ಡ್ ಅಕುನ್ಯ ಚೆಂಡು ಗೋಡೆ ದಾಟಿತು ಅಂದುಕೊಂಡು ನೋಡುತ್ತಾ ನಿಂತ. ಅದು ಗೋಡೆಗೆ ಬಡಿಯಿತು, ಇವನಿಗೆ ಸಿಕ್ಕಿದ್ದು ಸಿಂಗಲ್, ಅಂದರೆ ಒಂದೇ ಬೇಸ್. ಆಗಿನ ಮ್ಯಾನೇಜರ್ ಬ್ರಯನ್ ಸ್ನಿಟ್ಕರ್ ಆಟದ ಮಧ್ಯದಲ್ಲೇ ಕರೆದು ಕೂರಿಸಿದರು. ನಿಮ್ಮ ತಂಡದಲ್ಲಿ ಅದು ಆಗುತ್ತಿಲ್ಲ ಅಂದರೆ ಬೈಯಬೇಕಾದ್ದು ಮ್ಯಾನೇಜರನ್ನು.

ಮ್ಯಾಚ್ ಮಾತ್ರ ಬಿಡಬೇಡಿ. ಆ ಆಗಸ್ಟ್‌ನಲ್ಲಿ ಬೇಜಾರಾಗಿ ಟಿವಿ ಆರಿಸಿದವರು ಅಕ್ಟೋಬರ್‌ನಲ್ಲಿ ಟಾಟಿಸ್ ಇಲ್ಲದ ನಮ್ಮ ತಂಡ ಆ ಸೀಸನ್‌ನಲ್ಲಿ 111 ಪಂದ್ಯ ಗೆದ್ದ ಡಾಡ್ಜರ್ಸ್ ತಂಡವನ್ನು ಸೋಲಿಸಿ ಮನೆಗೆ ಕಳಿಸಿದ್ದನ್ನು ನೋಡುವ ಅವಕಾಶ ಕಳಕೊಂಡರು. ನಿಮ್ಮವನು ಸ್ಟ್ರೈಕೌಟ್ (ಮೂರು ಸ್ಟ್ರೈಕ್ ಆಗಿ ಔಟ್) ಆದಾಗ ಕೂಗಬೇಡಿ. ಮೊಬೈಲಿನ ಸ್ಟಾಪ್‌ವಾಚ್ ತೆಗೀರಿ: ಚೆಂಡು ಬ್ಯಾಟಿಗೆ ತಾಗಿದಾಗ ಶುರು, ಕಾಲು ಬೇಸ್ ಮುಟ್ಟಿದಾಗ ನಿಲ್ಲಿಸಿ. 90 ಅಡಿಗೆ ಬಲಗೈ ಬ್ಯಾಟರ್ ಸಾಧಾರಣ 4.3 ಸೆಕೆಂಡ್, ಎಡಗೈಯವರು ಸ್ವಲ್ಪ ಕಡಿಮೆ. ಅಂಕಿಅಂಶದ ಜಾಲತಾಣ ಬೇಸ್‌ಬಾಲ್ ಸ್ಯಾವಂಟ್‌ನ ಸ್ಪ್ರಿಂಟ್ ಸ್ಪೀಡ್ ಇದಕ್ಕೆ ಉಪಯೋಗಕ್ಕೆ ಬರಲ್ಲ, ಅದು ನಿಧಾನದ ಓಟಗಳನ್ನು ಲೆಕ್ಕದಿಂದಲೇ ಬಿಟ್ಟುಬಿಡುತ್ತೆ. ನಿಮ್ಮವನು ಸುಮ್ಮನೆ ಗ್ರೌಂಡರ್ (ನೆಲದ ಮೇಲೆ ಉರುಳುವ ಚೆಂಡು) ಹೊಡೆದು 5 ಸೆಕೆಂಡ್ ದಾಟಿಸುತ್ತಿದ್ದರೆ ಮೊದಲು ಹ್ಯಾಮ್‌ಸ್ಟ್ರಿಂಗ್ (ತೊಡೆಯ ಹಿಂಭಾಗದ ಸ್ನಾಯು) ನೋವಿನ ಸುದ್ದಿ ಏನಾದರೂ ಇದೆಯಾ ನೋಡಿ. ಇಲ್ಲವಾ? ಗಂಟಲು ಹರಿಯುವ ಹಾಗೆ ಕೂಗಿ.