ಕಾಗದ, ಪ್ಲಾಸ್ಟಿಕ್, ಬಟ್ಟೆ: ಸಂತೆಗೆ ಯಾವ ಚೀಲ ಒಯ್ಯಬೇಕು?

ಪ್ರಶ್ನೆ: ಮೇಡಂ, ನಮ್ಮ ಮನೆಯಲ್ಲಿ ವಾರವಾರ ಇದೇ ಜಗಳ. ಸಂತೆಯಿಂದ ನಾನು ನಾಲ್ಕೈದು ಕ್ಯಾರಿಬ್ಯಾಗ್ ತರುತ್ತೇನೆ, ಆಮೇಲೆ ಅವನ್ನೇ ಕಸ ತುಂಬಲು ಬಳಸುತ್ತೇನೆ. ಕಾಲೇಜಿಗೆ ಹೋಗುವ ಮಗಳು ಕಾಗದದ ಬ್ಯಾಗೇ ಒಳ್ಳೇದು ಅಂತಾಳೆ. ನಮ್ಮ ಮನೆಯವರು ಅಂಗಡಿಯವರು ಕೊಟ್ಟ ಬಟ್ಟೆ ಬ್ಯಾಗ್ ತಂದು ತಂದು ಅಲಮಾರು ತುಂಬಿಸಿದ್ದಾರೆ. ಯಾರು ಸರಿ? – ಗೃಹಿಣಿ, ಸಿಂಧನೂರು

ಮೂವರೂ ಅರ್ಧರ್ಧ ಸರಿ ಅಕ್ಕಾ. ಜಗಳ ಇನ್ನೊಂದು ವಾರ ನಡೀಲಿ.

ಮೊದಲು ನಿಮ್ಮ ಮನೆಯವರ ಅಲಮಾರು ನೋಡೋಣ, ಜಾಸ್ತಿ ಮೋಸ ಇರೋದು ಅಲ್ಲೇ. ಜವಳಿ ಅಂಗಡಿಯಲ್ಲಿ, ಮದುವೆಯ ತಾಂಬೂಲದಲ್ಲಿ ಕೊಡುವ ಬಣ್ಣದ ಚೀಲಗಳಲ್ಲಿ ಎಷ್ಟೋ ಬಟ್ಟೆಯೇ ಅಲ್ಲ. ಒಂದನ್ನು ಬೆಳಕಿಗೆ ಹಿಡಿದು ನೋಡಿ. ಉದ್ದಕ್ಕೂ ಅಡ್ಡಕ್ಕೂ ನೂಲು ಕಂಡರೆ ಬಟ್ಟೆ. ನೂಲಿಲ್ಲದೆ ಸಾಲುಸಾಲಾಗಿ ಸಣ್ಣ ಚುಕ್ಕಿ ಒತ್ತಿದ ಹಾಗಿದ್ದರೆ ಅದು ನಾನ್ ವೂವನ್, ಅಂದರೆ ಪಾಲಿಪ್ರೊಪಿಲೀನ್. ಪ್ಲಾಸ್ಟಿಕ್ ಕುರ್ಚಿ ಮಾಡೋದೂ ಅದರಲ್ಲೇ. ಇನ್ನೂ ಅನುಮಾನ ಇದ್ದರೆ ಅಂಚಿನ ಒಂದು ಚೂರು ಕತ್ತರಿಸಿ, ಇಕ್ಕಳದಲ್ಲಿ ಹಿಡಿದು ಅಂಗಳದಲ್ಲಿ ಕಡ್ಡಿ ಗೀರಿ. ಹತ್ತಿ ಆದರೆ ಕಾಗದದ ಹಾಗೆ ಉರಿದು ಬೂದಿ ಆಗುತ್ತದೆ. ನಾನ್ ವೂವನ್ ಆದರೆ ಮುದುಡಿ, ಕರಗಿ, ಆಮೇಲೆ ಗಟ್ಟಿ ಮಣಿ ಆಗುತ್ತದೆ.

ನಾನೂ ಮೋಸ ಹೋದವಳೇ. ರಾಯಚೂರಿನ ನಮ್ಮ ಮನೆಯಲ್ಲಿ ಕಿಟಕಿ ಪಕ್ಕದ ಮೊಳೆಗೆ ಇಂಥದ್ದೇ ಒಂದು ಹಸಿರು ಚೀಲ ನೇತಾಡುತ್ತಿತ್ತು. ಎರಡು ಬೇಸಿಗೆ ಕಳೆದ ಮೇಲೆ ಒಂದು ದಿನ ಬದನೆಕಾಯಿ ತರೋಣ ಅಂತ ಎಳೆದೆ, ಹಿಡಿಕೆ ಮಾತ್ರ ಕೈಗೆ ಬಂತು. ಉಳಿದದ್ದು ಮುಟ್ಟಿದಲ್ಲೆಲ್ಲ ಚೂರಾಗಿ ಉದುರಿತು, ಅಂಗೈ ತುಂಬ ಹಸಿರು ಪುಡಿ. ಕಸಬರಿಗೆಗೂ ಸರಿಯಾಗಿ ಸಿಗದಷ್ಟು ಸಣ್ಣದು. ಬಿಸಿಲಿನ ನೇರಳಾತೀತ ಕಿರಣಕ್ಕೆ ಈ ಪ್ಲಾಸ್ಟಿಕ್ಕು ಹೀಗೆ ಪುಡಿ ಆಗುತ್ತದೆ, ಮಣ್ಣಾಗೋದಿಲ್ಲ. ನಮ್ಮ ಬಿಸಿಲು ನಿಮಗೆ ಗೊತ್ತಲ್ಲ. ತೀರಾ ತೆಳುವಾದ ನಾನ್ ವೂವನ್ ಬ್ಯಾಗ್, ಅಂದರೆ ಚದರ ಮೀಟರಿಗೆ 60 ಗ್ರಾಂಗಿಂತ ಕಡಿಮೆ ಇರೋದು, 2021ರ ಸೆಪ್ಟೆಂಬರ್ 30ರಿಂದ ದೇಶದಲ್ಲೇ ನಿಷೇಧ.

ಈಗ ಮಗಳ ಕಾಗದದ ಬ್ಯಾಗ್. 2011ರಲ್ಲಿ ಇಂಗ್ಲೆಂಡಿನ ಪರಿಸರ ಸಂಸ್ಥೆ ಚೀಲಗಳ ಹುಟ್ಟಿನಿಂದ ಸಾವಿನವರೆಗಿನ ಲೆಕ್ಕ ಹಾಕಿತ್ತು. ಅಲ್ಲಿನ ತೆಳು ಪ್ಲಾಸ್ಟಿಕ್ ಬ್ಯಾಗಿನ ತೂಕ ಸುಮಾರು 8 ಗ್ರಾಂ, ಕಾಗದದ್ದು ಸುಮಾರು 55 ಗ್ರಾಂ. ತೂಕ ಜಾಸ್ತಿ ಅಂದರೆ ಅದನ್ನು ಮಾಡೋದಕ್ಕೆ, ಲಾರಿಯಲ್ಲಿ ಸಾಗಿಸೋದಕ್ಕೆ ಖರ್ಚೂ ಜಾಸ್ತಿ. ಹಾಗಾಗಿ ವಾತಾವರಣ ಬಿಸಿ ಮಾಡುವ ಅನಿಲದ ಲೆಕ್ಕದಲ್ಲಿ, ಒಂದೇ ಸಲ ಬಳಸಿ ಎಸೆದ ತೆಳು ಪ್ಲಾಸ್ಟಿಕ್ಕಿಗೆ ಸಮ ಆಗಬೇಕಾದರೆ ಕಾಗದದ ಬ್ಯಾಗನ್ನು 3 ಸಲ ಬಳಸಬೇಕು. ನಾನ್ ವೂವನ್ 11 ಸಲ. ಹತ್ತಿ ಚೀಲ 131 ಸಲ. ಕಾಗದದ ಬ್ಯಾಗ್ ಮೂರು ಸಂತೆ ತಡೆಯುತ್ತಾ? ನೀರು ಚಿಮುಕಿಸಿದ ಪುಂಡಿಪಲ್ಯ ಇಟ್ಟರೆ ಆಟೋ ಹತ್ತುವ ಮೊದಲೇ ತಳ ಕಳಚಿ ಟೊಮೆಟೊ ರಸ್ತೆಗೆ ಬಿದ್ದಿರುತ್ತದೆ. ಔಷಧಿ, ಬಳೆ, ಪುಸ್ತಕದಂಥ ಹಗುರ ಒಣ ಸಾಮಾನಿಗೆ ಅದು ಸರಿ.

ಹತ್ತಿಗೆ ಯಾಕೆ ಅಷ್ಟು ದೊಡ್ಡ ಸಂಖ್ಯೆ ಅಂತ ರಾಯಚೂರು ಸೀಮೆಯವರಿಗೆ ನಾನು ಹೇಳಬೇಕಾಗಿಲ್ಲ. ಗೊಬ್ಬರ, ಹುಳಕ್ಕೆ ಎಣ್ಣೆ ಹೊಡೆಯೋದು, ನೀರು, ಬೀಜ ಬಿಡಿಸುವ ಜಿನ್ನಿಂಗು, ನೂಲುವುದು, ನೇಯುವುದು, ಬಣ್ಣ, ಎಲ್ಲ ಸೇರಿದ ಮೇಲೆ ಅದು ಚೀಲ. 2018ರಲ್ಲಿ ಡೆನ್ಮಾರ್ಕಿನವರ ಲೆಕ್ಕ ಬಂತು. ಅಲ್ಲಿನ ಪ್ಲಾಸ್ಟಿಕ್ ಬ್ಯಾಗಿಗೆ ಸಮ ಆಗಬೇಕಾದರೆ, ಹವಾಮಾನ ಮಾತ್ರ ನೋಡಿದರೆ ಸಾಮಾನ್ಯ ಹತ್ತಿ ಚೀಲ 52 ಸಲ, ಓಜೋನ್ ಪದರಕ್ಕೆ ಆಗುವ ಹಾನಿಯೂ ಸೇರಿ ಎಲ್ಲ ಬಾಬತ್ತು ನೋಡಿದರೆ 7,100 ಸಲ ಬಳಸಬೇಕು ಅಂತ. ಈ 7,100 ಅನ್ನು ಹಿಡಿದುಕೊಂಡು ಪ್ಲಾಸ್ಟಿಕ್ಕೇ ಒಳ್ಳೇದು ಅಂತ ವಾದ ಮಾಡುವವರು ಸಿಗುತ್ತಾರೆ, ಅವರು ಒಂದು ವಿಷಯ ಬಿಟ್ಟು ಹೇಳುತ್ತಾರೆ. ಡೆನ್ಮಾರ್ಕಿನಲ್ಲಿ ಬ್ಯಾಗನ್ನು ಬೀದಿಗೆ ಎಸೆಯೋದು ಬಹಳ ಕಡಿಮೆ ಅಂತ ಆ ಲೆಕ್ಕದಲ್ಲಿ ಬೀದಿ ಕಸವನ್ನೇ ಹಿಡಿದಿಲ್ಲ. ನಮ್ಮಲ್ಲಿ ಹಾಗಾ? ಉಳಿದ ಅನ್ನ, ಸಾರಿನ ಸಮೇತ ಬ್ಯಾಗಿಗೆ ಗಂಟು ಹಾಕಿ ಎಸೆಯುತ್ತೇವೆ. ಆಕಳಿಗೆ ಗಂಟು ಬಿಚ್ಚೋಕೆ ಬರೋದಿಲ್ಲ, ವಾಸನೆಗೆ ಬ್ಯಾಗ್ ಸಮೇತ ನುಂಗುತ್ತದೆ. ಅದು ಜೀರ್ಣ ಆಗೋದಿಲ್ಲ, ಹೊರಗೂ ಬರೋದಿಲ್ಲ, ಹೊಟ್ಟೆಯೊಳಗೇ ಉಂಡೆ ಕಟ್ಟುತ್ತದೆ. ಚರಂಡಿ ಕಟ್ಟಿಕೊಳ್ಳೋದೂ ಲೆಕ್ಕಕ್ಕೆ ಬರಬೇಕಲ್ವಾ.

ಇನ್ನು ನೀವು ಮಾಡುವ ಕೆಲಸ. ಬ್ಯಾಗನ್ನು ಇನ್ನೊಮ್ಮೆ ಬಳಸೋದು ತಪ್ಪಲ್ಲ. ತೆಳು ಬ್ಯಾಗುಗಳೆಲ್ಲ ಹೀಗೆ ಕಸಕ್ಕೆ ಬಳಕೆಯಾದರೆ ಹತ್ತಿ ಚೀಲದ 131 ಹೋಗಿ 327 ಆಗುತ್ತದೆ ಅಂತ ಅದೇ ಇಂಗ್ಲೆಂಡಿನ ಲೆಕ್ಕ ಹೇಳುತ್ತದೆ. ಆದರೆ ಕರ್ನಾಟಕದಲ್ಲಿ 2016ರ ಮಾರ್ಚಿನಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗೇ ನಿಷೇಧ, ಮತ್ತೆ ಹಸಿ ಕಸ ಬ್ಯಾಗಿನಲ್ಲಿ ಕಟ್ಟಿದರೆ ಗೊಬ್ಬರಕ್ಕೂ ಬರೋದಿಲ್ಲ. ಬಕೆಟ್ಟಿನ ತಳಕ್ಕೆ ಹಳೇ ಪೇಪರ್ ಹಾಸಿ ಸಾಕು, ತೊಳೆದು ಇಟ್ಟರಾಯಿತು.

ಸಂತೆಗೆ ಹೊಸ ಚೀಲ ಕೊಳ್ಳಲೇಬೇಡಿ. 25 ಕೆಜಿ ಅಕ್ಕಿ ಚೀಲ ನಿಮ್ಮ ಊರಲ್ಲಿ ಯಾರ ಮನೆಯಲ್ಲಿ ಇಲ್ಲ ಹೇಳಿ! ಅದೂ ಪ್ಲಾಸ್ಟಿಕ್ಕೇ, ಆದರೆ ಆಗಲೇ ಮನೆಗೆ ಬಂದಾಗಿದೆ, ಗಟ್ಟಿ ಇದೆ. ಬಾಯಿ ಮಡಚಿ ಎರಡು ಹಿಡಿಕೆ ಹೊಲಿಸಿ, ಬಿಸಿಲು ಬೀಳದ ಕಡೆ ಇಡಿ. ನಿಜವಾದ ಬಟ್ಟೆ ಚೀಲ ಇದ್ದರೆ ಅದು ಹರಿಯುವವರೆಗೂ ಬಿಡಬೇಡಿ. ವಾರಕ್ಕೊಂದು ಸಂತೆ ಅಂದರೆ 131 ಸಲಕ್ಕೆ ಎರಡೂವರೆ ವರ್ಷ, ನಮ್ಮ ಅಮ್ಮನ ಖಾಕಿ ಚೀಲ ಅದಕ್ಕಿಂತ ಎಷ್ಟೋ ಜಾಸ್ತಿ ಬಾಳಿತ್ತು. ಮಾಂಸ, ಮೀನಿಗೆ ಮಾತ್ರ ಬೇರೆ ಚೀಲ, ಬಂದ ಕೂಡಲೇ ತೊಳೆದುಬಿಡಿ.

ಪ್ರಶ್ನೆ: ನನ್ನದು ಕಿರಾಣಿ ಅಂಗಡಿ. ಬ್ಯಾಗ್ ಮಾರುವವನೊಬ್ಬ "ಇದು 120 ಮೈಕ್ರಾನ್, ಯಾರೂ ಕೇಳಲ್ಲ" ಅಂತಾನೆ. ಇನ್ನೊಬ್ಬ ಮಣ್ಣಲ್ಲಿ ಕರಗುವ ಬ್ಯಾಗ್ ಅಂತ ತೋರಿಸುತ್ತಾನೆ. ಯಾವುದು ತಗೊಳ್ಳಲಿ? – ವ್ಯಾಪಾರಿ, ಕೊಪ್ಪಳ

ಮೈಕ್ರಾನ್ ಅಂದರೆ ಬ್ಯಾಗಿನ ದಪ್ಪದ ಅಳತೆ, ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. 120 ಮೈಕ್ರಾನ್ ಅನ್ನೋದು ಕೇಂದ್ರದ ನಿಯಮ, 2022ರ ಡಿಸೆಂಬರ್ 31ರಿಂದ ಅದಕ್ಕಿಂತ ತೆಳು ಇರಬಾರದು ಅಂತ. ನಮ್ಮ ರಾಜ್ಯದ 2016ರ ಆದೇಶ ದಪ್ಪ ಎಷ್ಟೇ ಇದ್ದರೂ ಕ್ಯಾರಿಬ್ಯಾಗ್ ಬೇಡ ಅನ್ನುತ್ತದೆ. ನಿಮ್ಮ ಅಂಗಡಿಯಲ್ಲಿ ಸಿಕ್ಕಿದರೆ ದಂಡ ನಿಮಗೇ ಬೀಳುತ್ತದೆ.

ಕರಗುವ ಬ್ಯಾಗ್ ಅಂದರೆ ಮೊದಲು ಅದರ ಮೇಲೆ ಏನು ಅಚ್ಚು ಹಾಕಿದ್ದಾರೆ ಓದಿ. ಕಾಂಪೋಸ್ಟಬಲ್ ಅಂತ ಇರಬೇಕು, ತಯಾರಿಸಿದವರ ಹೆಸರು, ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಮಾಣಪತ್ರದ ಸಂಖ್ಯೆ ಇರಬೇಕು. ಸುಮ್ನೆ ಹಸಿರು ಎಲೆ ಚಿತ್ರ ಇದ್ದರೆ ಬೇಡ. ಅಸಲಿ ಆದರೂ ಅದು ಕರಗೋದು ದೊಡ್ಡ ಗೊಬ್ಬರ ಘಟಕದ ಸುಮಾರು 58 ಡಿಗ್ರಿ ಬಿಸಿಯಲ್ಲಿ, ಚರಂಡಿಯಲ್ಲಿ ಅಲ್ಲ. ನನ್ನನ್ನು ಕೇಳಿದರೆ ಹತ್ತು ಗಟ್ಟಿ ಚೀಲ ಹೊಲಿಸಿ ಇಟ್ಟುಕೊಳ್ಳಿ, ಮರೆತು ಬಂದವರಿಗೆ ಇಪ್ಪತ್ತು ರೂಪಾಯಿ ಡಿಪಾಸಿಟ್ ಮೇಲೆ ಕೊಡಿ, ವಾಪಸ್ ತಂದಾಗ ದುಡ್ಡು ಕೊಡಿ. ಕೆಲವರು ತರೋದಿಲ್ಲ. ಹೋಗಲಿ ಬಿಡಿ, ಚೀಲದ ದುಡ್ಡು ಬಂತಲ್ಲ.

ಪೇಪರ್ ಪೊಟ್ಟಣ ಕಟ್ಟುವುದಾದರೆ ಖಾಲಿ ಕಂದು ಕಾಗದ ಬಳಸಿ. ಅಚ್ಚಾದ ಪೇಪರಿನಲ್ಲಿ ತಿನ್ನುವ ಪದಾರ್ಥ ಕಟ್ಟಬೇಡಿ ಅಂತ ಆಹಾರ ಸುರಕ್ಷತಾ ಪ್ರಾಧಿಕಾರವೇ ಹೇಳಿದೆ. ಬಿಸಿ ಮಿರ್ಚಿ ಕಟ್ಟಿದ ಪೇಪರ್ ಬಿಚ್ಚಿ ನೋಡಿ, ಎಣ್ಣೆ ಇಳಿದ ಕಡೆ ಅಕ್ಷರ ಮಬ್ಬಾಗಿರುತ್ತವೆ, ಆ ಮಸಿ ಹೋದದ್ದು ಮಿರ್ಚಿಗೆ.

ಪ್ರಶ್ನೆ: ದೊಡ್ಡ ಅಂಗಡಿಯಲ್ಲಿ ಬಿಲ್ ಹಾಕುವಾಗ ಕಾಗದದ ಬ್ಯಾಗಿಗೆ 15 ರೂಪಾಯಿ ಸೇರಿಸಿದರು. ಸರಿನಾ? – ಬಳ್ಳಾರಿ

ಮೊದಲೇ ಹೇಳದೆ ಕೌಂಟರಿನಲ್ಲಿ ಸೇರಿಸೋದು ಅನುಚಿತ ವ್ಯಾಪಾರ ಅಂತ ರಾಷ್ಟ್ರೀಯ ಗ್ರಾಹಕ ಆಯೋಗ 2020ರ ಡಿಸೆಂಬರಿನಲ್ಲಿ ಹೇಳಿದೆ. ಬ್ಯಾಗಿಗೆ ಎಷ್ಟು ಅಂತ ಗಿರಾಕಿಗೆ ಸಾಮಾನು ಆರಿಸುವ ಮೊದಲೇ ಗೊತ್ತಾಗಬೇಕು. ಬೇಡ ಅನ್ನಿ, ಬಿಲ್‌ನಿಂದ ತೆಗೆಸಿ.

ಆದರೆ ಬಳ್ಳಾರಿಯವರು ಬ್ಯಾಗಿಗೆ ದುಡ್ಡು ಕೊಡೋದು ನೋಡಿದರೆ ನನಗೆ ನಗು ಬರುತ್ತದೆ. ಜೀನ್ಸ್ ಹೊಲಿಯುವ ಊರು ನಿಮ್ಮದು. ಹಳೇ ಪ್ಯಾಂಟಿನ ಒಂದು ಕಾಲು ಮೊಣಕಾಲಿನ ಮೇಲೆ ಕತ್ತರಿಸಿ, ತಳಕ್ಕೆ ಎರಡು ಹೊಲಿಗೆ ಹಾಕಿಸಿ, ಸೊಂಟದ ಪಟ್ಟಿಯನ್ನೇ ಹಿಡಿಕೆ ಮಾಡಿಸಿ. ಜೇಬು ಹೊರಗೇ ಇರಲಿ, ಚಿಲ್ಲರೆ ಇಡೋಕೆ ಬರುತ್ತದೆ.